ಡಾಕ್ಟರ ಹದಿನೇಳನೆಯ ಪ್ರಾರ್ಥನೆ

2023ರಲ್ಲಿ ನಾನು ಮಲೇಷ್ಯಾದ ನಿಲಾಯ್‌ನ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಧರ್ಮಗಳ ಇತಿಹಾಸ ಕಲಿಸುವ ಕಿರಿಯ ಉಪನ್ಯಾಸಕನಾಗಿದ್ದೆ. ಆದಿ ಕ್ರೈಸ್ತ ಸಭೆಗಳು ತಮ್ಮ ಪವಿತ್ರ ಗ್ರಂಥವನ್ನು ಹೇಗೆ ರೂಪಿಸಿಕೊಂಡವು ಎಂಬುದು ಆ ಸೆಮಿಸ್ಟರ್‌ನ ಪಾಠ. ವಾರಕ್ಕೆ ಹದಿನೆಂಟು ಗಂಟೆ ತರಗತಿ, ತಿದ್ದಿ ಮುಗಿಯದ ಉತ್ತರಪತ್ರಿಕೆಗಳು. ಇನ್ನೊಂದು ಕೆಲಸ ಒಪ್ಪಿಕೊಳ್ಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಮಾರ್ಚ್ 5, ಭಾನುವಾರ. ಮೆಲಾಕಾದ ಮೆಡಿಕಲ್ ಕಾಲೇಜಿನ ಪ್ರಾಧ್ಯಾಪಕ ಜಯಕರ ಅಂಕಲ್ ಫೋನ್ ಮಾಡಿದರು. ಉಡುಪಿ ಕಡೆಯವರು. ಮೆಲಾಕಾ, ನಿಲಾಯ್, ಬ್ರಿಕ್‌ಫೀಲ್ಡ್ಸ್ ಮೂರೂ ಕಡೆ ಅವರ ಕನ್ನಡ ಪ್ರಾರ್ಥನಾ ಕೂಟದ ಮನೆಗಳಿದ್ದವು. ಕೂಟದ ಹಿರಿಯರಾಗಿದ್ದ ಡಾಕ್ಟರ್ ಆನಂದ ಲಾಕ್‌ಡೌನ್ ಕಾಲದಲ್ಲಿ ತಮ್ಮ ಪ್ರಾರ್ಥನೆಗಳನ್ನು ವಾಯ್ಸ್ ನೋಟ್ ಮಾಡಿ ಕಳಿಸುತ್ತಿದ್ದರು. ಜನ ಅವನ್ನು ಟೈಪ್ ಮಾಡಿ ಹಂಚುತ್ತಿದ್ದರು. 2021ರ ಆಗಸ್ಟ್‌ನಲ್ಲಿ ಅವರು ಕೋವಿಡ್‌ನಿಂದ ತೀರಿಕೊಂಡರು. ಈಗ ಎಲ್ಲವನ್ನೂ ಸೇರಿಸಿ ಒಂದು ಪುಸ್ತಿಕೆ ಆಗಬೇಕಿತ್ತು.

"ಒಬ್ಬೊಬ್ಬರ ಫೋನಲ್ಲಿ ಒಂದೊಂದು ಥರ ಉಂಟು ಮಾರಾಯ್ರೆ. ನೀವು ನಮ್ಮ ಸಭೆಯವರಲ್ಲ, ಹಾಗಾಗಿ ಜಗಳ ಇಲ್ಲ. ನೀವೇ ಆರಿಸಿ ಲಾ," ಎಂದರು, ಇಲ್ಲಿಯವರ ಹಾಗೆ ಕೊನೆಗೊಂದು 'ಲಾ' ಸೇರಿಸಿ.

ನಾನು ತರಗತಿಯಲ್ಲಿ ಹೇಳುತ್ತಿದ್ದುದೂ ಹೆಚ್ಚುಕಡಿಮೆ ಇದನ್ನೇ. ಅಂಗೀಕೃತ ಗ್ರಂಥಗಳ ಪಟ್ಟಿಗೆ ಕ್ಯಾನನ್ ಎನ್ನುತ್ತಾರೆ. ಅದು ಒಂದೇ ಸಭೆಯಲ್ಲಿ ಕೂತು ತೀರ್ಮಾನವಾದದ್ದಲ್ಲ. ಅಪೊಸ್ತಲ ಪೌಲನ ಪತ್ರಗಳನ್ನು ಒಂದು ಊರಿನವರು ಓದಿ, ನಕಲು ಮಾಡಿ ಇನ್ನೊಂದು ಊರಿಗೆ ಕೊಟ್ಟರು. ಯೇಸುವಿನ ಬದುಕು ಹೇಳುವ ಸುವಾರ್ತೆಗಳೂ ಹಾಗೆಯೇ ಹರಡಿದವು. ಕಾಲ ಕಳೆದಂತೆ ಮೂರು ಪ್ರಶ್ನೆಗಳು ಗಟ್ಟಿಯಾದವು: ಇದು ಯೇಸು ಕಳಿಸಿದ ಮೊದಲ ಪ್ರಚಾರಕರಾದ ಅಪೊಸ್ತಲರಿಂದ ಬಂದದ್ದೇ? ಹಲವು ಊರುಗಳಲ್ಲಿ ಓದುತ್ತಾರೆಯೇ? ನಂಬಿಕೆಗೆ ಹೊಂದುತ್ತದೆಯೇ? ಹೊಸ ಒಡಂಬಡಿಕೆಯ ಇಪ್ಪತ್ತೇಳು ಗ್ರಂಥಗಳ ಪಟ್ಟಿ ನಾಲ್ಕನೆಯ ಶತಮಾನದ ಹೊತ್ತಿಗಷ್ಟೇ ಸ್ಪಷ್ಟವಾಯಿತು.

ಆರು ವಾರ, ರಜೆಯ ದಿನಗಳಲ್ಲೆಲ್ಲ, ಫಾರ್ವರ್ಡ್‌ಗಳನ್ನು ಹೋಲಿಸಿದೆ. ಒಟ್ಟು ಹದಿನೇಳು ಪ್ರಾರ್ಥನೆಗಳು. ಹದಿನಾರಕ್ಕೆ ಡಾಕ್ಟರ ಧ್ವನಿ ಸಿಕ್ಕಿತು. ಎಲ್ಲರೂ 'ಕೊನೆಯದು' ಎನ್ನುತ್ತಿದ್ದ, ಎಲ್ಲಕ್ಕಿಂತ ಹೆಚ್ಚು ಓದುತ್ತಿದ್ದ ಹದಿನೇಳನೆಯದಕ್ಕೆ ಸಿಗಲಿಲ್ಲ. ಅದರ ಅತಿ ಹಳೆಯ ಪ್ರತಿ ಸೆಪ್ಟೆಂಬರ್ ತಿಂಗಳದು, ಡಾಕ್ಟರು ಹೋದ ಮೂರು ವಾರಗಳ ನಂತರದ್ದು. ಕಳಿಸಿದವರು ಅವರ ಹೆಂಡತಿ ಗ್ರೇಸ್ ಆಂಟಿ.

ಬ್ರಿಕ್‌ಫೀಲ್ಡ್ಸ್‌ನ ಅವರ ಫ್ಲ್ಯಾಟ್‌ಗೆ ಹೋದೆ. ಹೋಟೆಲಿನಿಂದ ತಪಾವ್, ಅಂದರೆ ಪಾರ್ಸೆಲ್, ಮಾಡಿಸಿ ತಂದ, ಇಲ್ಲಿ ತೋಸೈ ಎನ್ನುವ ದೋಸೆಯ ಪೊಟ್ಟಣ ಬಿಚ್ಚಿಟ್ಟರು. ವಾಯ್ಸ್ ನೋಟ್ ಉಂಟೇ ಎಂದು ಕೇಳಿದೆ.

"ಕಾಲೇಜಲ್ಲಿ ಮಕ್ಕಳು ಸಾಕಾಗ್ಲಿಲ್ವಾ, ನನಗೂ ಪರೀಕ್ಷೆ ಇಡ್ಲಿಕ್ಕೆ ಬಂದದ್ದಾ?" ಎಂದು ನಕ್ಕರು. ಆಮೇಲೆ ನಗಲಿಲ್ಲ. "ನಾನೇ ಬರೆದದ್ದು. ಇನ್ನೊಂದು ಉಂಟಾ, ಇನ್ನೊಂದು ಉಂಟಾ ಅಂತ ದಿನಾ ಕೇಳ್ತಿದ್ರು. ನನ್ನ ಹೆಸರಲ್ಲಿ ಕಳ್ಸಿದ್ರೆ ಯಾರು ಓದ್ತಾರೆ?"

ನಾನು ಪಾಠದ ಒಂದು ಪ್ರಸಂಗ ಹೇಳಿದೆ. ಎರಡನೆಯ ಶತಮಾನದಲ್ಲಿ ರೋಮನ್ ಸಾಮ್ರಾಜ್ಯದ ಏಷ್ಯಾ ಪ್ರಾಂತ್ಯದ ಸಭೆಯ ಹಿರಿಯನೊಬ್ಬ ಪೌಲನ ಬಗ್ಗೆ ಒಂದು ಕಥನ ಕಟ್ಟಿ ಸಿಕ್ಕಿಬಿದ್ದ. ಪೌಲನ ಮೇಲಿನ ಪ್ರೀತಿಯಿಂದ ಬರೆದೆ ಎಂದ. ಪದವಿ ಹೋಯಿತು.

"ಅವನಿಗೆ ಪದವಿ ಇತ್ತು, ಹೋಯ್ತು. ನನ್ನ ಹತ್ರ ಎಂತ ಉಂಟು ಹೋಗ್ಲಿಕ್ಕೆ?" ಎಂದ ಆಂಟಿ ಪೊಟ್ಟಣವನ್ನು ನನ್ನತ್ತ ಸರಿಸಿದರು. "ಜಯಕರ ಅದನ್ನು ಹೆಂಡತಿ ಮೇರಿಗೆ ಓದಿದ್ದು, ಐಸಿಯು ಹೊರಗೆ ನಿಂತು, ಫೋನಲ್ಲಿ. ಅವಳು ಹೋಗುವಾಗ ಅವನ ಹತ್ರ ಇದ್ದದ್ದು ಅದೊಂದೇ. ಪುಸ್ತಕದಿಂದ ಬೇಕಾದ್ರೆ ತೆಗೀರಿ, ಅವನಿಗೆ ಹೇಳ್ಬೇಡಿ."

ಏಪ್ರಿಲ್ 30ರಂದು ಮೆಲಾಕಾದ ಕೂಟದ ಮನೆಯಲ್ಲಿ ಎಲ್ಲರ ಸಭೆ. ಹದಿನಾರರ ಪಟ್ಟಿ ಓದಿ, ಹದಿನೇಳನೆಯದಕ್ಕೆ ಧ್ವನಿ ಸಿಕ್ಕಿಲ್ಲ, ಬಿಟ್ಟಿದ್ದೇನೆ ಎಂದೆ.

ಜಯಕರ ಅಂಕಲ್ ಎದ್ದು ನಿಂತರು. "ಧ್ವನಿ ಪೌಲನದ್ದು ಉಂಟಾ ಮಾರಾಯ್ರೆ? ರೆಕಾರ್ಡ್ ಮಾಡಿ ಇಟ್ಟಿದ್ದಾರಾ?" ಕೆಲವರು ನಕ್ಕರು. ಅವರು ನಗಲಿಲ್ಲ. "ಅದಿಲ್ಲದ ಪುಸ್ತಕ ನನಗೆ ಬೇಡ. ಮೇರಿಗೆ ಓದಿದ್ದು ಅದು. ಇವರು ಯಾರು ಅದನ್ನು ಬಿಡ್ಲಿಕ್ಕೆ?"

ನಾನು ಪಟ್ಟಿ ಮಡಚಿಟ್ಟೆ. ದಣಿದಿದ್ದೆ, ಹೇಳುವುದಿಲ್ಲವೆಂದು ಆಂಟಿಗೆ ಮಾತು ಕೊಟ್ಟೂ ಇದ್ದೆ.

"ಅವರನ್ನು ಬೈಬೇಡ ಜಯಕರ. ಅದು ಆನಂದ ಬರೆದದ್ದಲ್ಲ. ನಾನು," ಎಂದರು ಗ್ರೇಸ್ ಆಂಟಿ.

ಅಂಕಲ್ ಬಾಲ್ಕನಿಗೆ ಹೋದರು. ಬಹಳ ಹೊತ್ತಿನ ಮೇಲೆ ಒಳಗೆ ಬಂದು, ಆಂಟಿಯ ಎದುರಿನ ಕುರ್ಚಿಯಲ್ಲಿ ಕೂತರು.

"ಪುಸ್ತಕಕ್ಕೆ ಬೇಡ," ಎಂದರು. "ಸುಳ್ಳು ಹೆಸರು ಹಾಕಿದ್ದು ನನಗೆ ಸರಿ ಕಾಣೂದಿಲ್ಲ. ಆದ್ರೆ ಈಗ ನೀವು ಓದಿ. ನಿಮ್ಮ ಬಾಯಲ್ಲಿ ನಾನು ಕೇಳ್ಲಿಲ್ಲ."

ಆಂಟಿ ಫೋನ್ ತೆಗೆದು ಓದಿದರು: "ದೇವರೇ, ಒಳಗಿರುವವರ ಉಸಿರನ್ನು ಯಂತ್ರ ಎಣಿಸುತ್ತಿದೆ." ಅಲ್ಲಿಗೆ ಫೋನ್ ಮಡಿಲಲ್ಲಿಟ್ಟರು.

"ಹೊರಗೆ ಕೂತವರದ್ದನ್ನು ನೀನು ಎಣಿಸು," ಎಂದರು ಜಯಕರ ಅಂಕಲ್, ತಲೆ ಎತ್ತದೆ. ಉಳಿದದ್ದನ್ನೂ ಅವರೇ ಕೊನೆಯವರೆಗೆ ಹೇಳಿದರು.

ಪುಸ್ತಿಕೆ ಹದಿನಾರು ಪ್ರಾರ್ಥನೆಗಳೊಂದಿಗೆ ಜೂನ್‌ನಲ್ಲಿ ಅಚ್ಚಾಯಿತು. ಆ ಮೂರು ಪ್ರಶ್ನೆಗಳನ್ನು ನಾನು ಈಗಲೂ ಕಲಿಸುತ್ತೇನೆ, ಅವು ಬೇಕು. ಆದರೆ ಪಟ್ಟಿಯಿಂದ ಹೊರಗುಳಿದ ಬರಹಗಳ ಪಾಠ ಬಂದಾಗ 'ನಕಲಿ' ಎಂಬ ಪದಕ್ಕೆ ಮೊದಲು ಸ್ವಲ್ಪ ತಡೆಯುತ್ತೇನೆ. ಅವನ್ನೂ ಯಾರೋ ಬಾಯಿಪಾಠ ಮಾಡಿಕೊಂಡಿದ್ದರು.