ಬಾಟಲಿಗೆ ತುಂಬಿದ ನೀರು

ಆಗ ನನಗೆ ಅರವತ್ತೇಳು; ಅದಾಗಿ ಆರು ವರ್ಷವಾಯಿತು. ನಮ್ಮದು ರಾವೂರಿನ ಹತ್ತಿರದ ಊರು. ಸೊಸೆಯ ಕಿಡ್ನಿ ಕೆಟ್ಟಾಗ ಡಾಕ್ಟರು ಓಣಿಯ ಕೈಪಂಪಿನ ನೀರನ್ನು ತಪಾಸಣೆ ಮಾಡಿಸಲು ಹೇಳಿದರು. ನೀರಿನಲ್ಲಿ ಸೀಸ, ಯುರೇನಿಯಂ ಇದೆಯೇ ಎಂದು ನೋಡುವ ಹುಡುಗಿ ಬಾಟಲಿ ಹಿಡಿದು ಬಂದಳು. ಪಂಚಾಯಿತಿ ಮೆಂಬರ ಅವಳನ್ನು ಚಹಾಕ್ಕೆ ಕೂರಿಸಿ, ಬಾಟಲಿಯನ್ನು ತನ್ನ ಅಂಗಳದ ಬೋರಿನಲ್ಲಿ ತುಂಬಿಸಿ ಕೊಟ್ಟ. ನಾನು ಕಣ್ಣಾರೆ ಕಂಡೆ. ಪದ್ಧತಿಯೇ ಹಾಗಿರಬೇಕೆಂದು ಬಾಯಿ ಮುಚ್ಚಿಕೊಂಡಿದ್ದು ನನ್ನ ದಡ್ಡತನ.

ತಿಂಗಳಾದ ಮೇಲೆ ಕಾಗದ ಬಂತು. ನಮ್ಮ ಪಂಪಿನ ನೀರು ಚೊಕ್ಕ ಎಂದು ಅದರಲ್ಲಿತ್ತು. ನೆಟ್ಟಗೆ ಮೆಂಬರನ ಬಾಗಿಲಿಗೆ ಹೋದೆ.

"ಯಾವ ನೀರ್ ತುಂಬ್ಸಿದ್ಯೋ ಭಾಡ್ಯಾ?"

"ಸುಮ್ಕಿರಬೇ ಮುದುಕಿ. ನಿಮ್ ಪಂಪ್ ಖರಾಬ್ ಅಂತ ಬಂದ್ರ ಓಣಿ ಪೂರಾ ಕೊಡ ಹಿಡ್ಕೊಂಡು ನನ್ನ ಬೋರಿಗೇ ಬರ್ತದ" ಎಂದು ನಕ್ಕ.

ಅವನ ಹೆದರಿಕೆ ಏನೆಂದು ಅವನ ಬಾಯಿಂದಲೇ ತಿಳಿಯಿತು. ಮರುದಿನ ಬೆಳಿಗ್ಗೆ ನಟ್ಟು ಬಿಚ್ಚುವ ಗಂಡನ ಪಾನಾ ಹಿಡಿದು ಹೋಗಿ, ಪಂಪಿನ ಹಿಡಿಕೆ ಬಿಚ್ಚಿ, ಕಲ್ಲು ಖಣಿಯ ಹೊಂಡಕ್ಕೆ ಎಸೆದೆ. ಆಮೇಲೆ ಓಣಿಯ ಹೆಂಗಸರನ್ನೆಲ್ಲ ಕರೆದುಕೊಂಡು ಹೋಗಿ, ಅವನ ಅಂಗಳದಲ್ಲಿ ಎರಡು ಕೊಡವಿಟ್ಟು ಮೊದಲ ಪಾಳಿ ಹಿಡಿದೆ.