ಹಿಂದಿನ ಬೆಂಚಿನ ದಂಡಯಾತ್ರೆ

ದಂಡಯಾತ್ರೆ ಹೊರಡಲು ಆರಡಿ ಎತ್ತರ, ಗಿರಿಜಾ ಮೀಸೆ ಮತ್ತು ಒಂದು ಕುದುರೆ ಬೇಕು ಎಂದು ನಂಬಿದವರು ನಮ್ಮ ಟೀಚರಮ್ಮನನ್ನು ನೋಡಿಲ್ಲ. ಎತ್ತರ ನಾಲ್ಕಡಿ ಹತ್ತಂಗುಲ. ಮೀಸೆ ಇಲ್ಲ. ಕುದುರೆಯ ಬದಲಿಗೆ ಸರ್ಕಾರದ ಒಂದು ಜೀಪು; ಅದು ಏರು ಕಂಡರೆ ಕೆಮ್ಮುತ್ತಿತ್ತು, ಇಳಿಜಾರು ಕಂಡರೆ ಪ್ರಾಣ ಬಂದಂತೆ ಓಡುತ್ತಿತ್ತು. ಇಷ್ಟು ಸೈನ್ಯ ಕಟ್ಟಿಕೊಂಡು ಆಕೆ ಇಡೀ ರಾಜ್ಯವನ್ನು ಗೆದ್ದದ್ದು ಹೇಗೆ ಎಂಬುದೇ ಈ ಕಥೆ.

ಆಕೆ ಇಪ್ಪತ್ತೆರಡು ವರ್ಷ ಎರಡನೇ ತರಗತಿಗೆ ಪಾಠ ಮಾಡಿದವಳು. ಒಂದು ದಿನ ಸ್ಟಾಫ್ ರೂಮಿನ ಕುಂಟು ಮೇಜಿನ ಕಾಲಿಗೆ ಯಾರೋ ಒತ್ತು ಕೊಟ್ಟಿದ್ದ ಪುಸ್ತಕವೊಂದನ್ನು ಎಳೆದು ಓದಿದಳು. ಮೇಜು ಓಲಾಡಿತು, ಹೆಡ್‌ಮಾಸ್ಟರರ ಚಹಾ ಚೆಲ್ಲಿತು, ಆದರೆ ಪುಸ್ತಕದಲ್ಲಿ ಚಿನ್ನವಿತ್ತು. ಮಕ್ಕಳಿಗೆ ಓದು ಕಲಿಸುವ ಒಂದು ಕ್ರಮವನ್ನು ನೂರಾರು ಶಾಲೆಗಳಲ್ಲಿ ಪರೀಕ್ಷಿಸಿ, ಅರ್ಧ ಶಾಲೆಗಳಲ್ಲಿ ಮಾಡಿ, ಇನ್ನರ್ಧದಲ್ಲಿ ಮಾಡದೆ ಬಿಟ್ಟು, ಹೋಲಿಸಿ, ಸಾಬೀತು ಮಾಡಿದ್ದರು. ಕ್ರಮ ಸರಳ: ಮೊದಲು 'ನಾನು' ಓದಿ ತೋರಿಸುತ್ತೇನೆ, ಆಮೇಲೆ 'ನಾವು' ಒಟ್ಟಿಗೆ, ಕೊನೆಗೆ 'ನೀನು' ಒಬ್ಬನೇ. ವಾರಕ್ಕೊಮ್ಮೆ ಪ್ರತಿ ಮಗುವೂ ಒಂದು ನಿಮಿಷ ಗಟ್ಟಿಯಾಗಿ ಓದಬೇಕು. ಎಷ್ಟು ಪದ ಓದಿತೋ ಅಷ್ಟನ್ನು ಟೀಚರು ಚೀಟಿಯಲ್ಲಿ ಬರೆದಿಡಬೇಕು. ಎರಡೇ ವರ್ಷದಲ್ಲಿ ಆಕೆಯ ತರಗತಿಯಲ್ಲಿ ಓದಲು ಬಾರದವರೆಂದರೆ ಕಿಟಕಿಯಲ್ಲಿ ಕೂರುತ್ತಿದ್ದ ಪಾರಿವಾಳಗಳು ಮಾತ್ರ.

ಸುದ್ದಿ ಇಲಾಖೆಯ ಕಿವಿಗೆ ಬಿತ್ತು. ಆಕೆಯನ್ನು ರಾಜಧಾನಿಗೆ ಕರೆಸಿ, ಮೂರನೇ ಮಹಡಿಯಲ್ಲಿ ಹಳೆಯ ಟೈಪ್‌ರೈಟರುಗಳ ಸ್ಮಶಾನದ ಪಕ್ಕ ಒಂದು ಕೋಣೆ ಕೊಟ್ಟು, "ಇದನ್ನ ರಾಜ್ಯದ ಎಲ್ಲಾ ಸ್ಕೂಲಿಗೂ ಹಬ್ಬಿಸಿ" ಎಂದರು ನಿರ್ದೇಶಕರು, ತೋಟಕ್ಕೆ ನೀರು ಬಿಡಿ ಎಂದಷ್ಟು ಸಲೀಸಾಗಿ. ಸಿಬ್ಬಂದಿ: ಒಂದು ಸ್ಟೇಪ್ಲರು, ಒಬ್ಬ ಡ್ರೈವರಣ್ಣ.

"ಒಂದು ಕ್ಲಾಸು ಸಂಭಾಳಿಸೋಳ ಕೈಗೆ ರಾಜ್ಯಾನೇ ಕೊಟ್ರಾ?" ಎಂದರು ಮನೆಯಲ್ಲಿ ಅತ್ತೆ. "ಮೊದಲು ಆ ಸೊಳ್ಳೆ ಪರದೆ ಹೊಲಿಯಮ್ಮ. ಆರು ತಿಂಗಳಾಯ್ತು."

ಮೊದಲ ವರ್ಷ ಆಕೆ ಎಲ್ಲರೂ ಮಾಡುವುದನ್ನೇ ಮಾಡಿದಳು. ದೊಡ್ಡ ಸಭಾಂಗಣ, ಐನೂರು ಟೀಚರುಗಳು, ಎರಡು ದಿನ, ತಲೆಗೊಂದು ಚೀಲ, ಚೀಲಕ್ಕೊಂದು ಪೆನ್ನು. ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರೂ ಹಾಜರಿ ಪಟ್ಟಿಗೆ ಸಹಿ ಹಾಕಿದರು. ಎಲ್ಲರೂ ಊರಿಗೆ ಹೋಗಿ ಚೀಲದಲ್ಲಿ ತರಕಾರಿ ತಂದರು. ಪಾಠ ಮಾತ್ರ ಎಲ್ಲಿತ್ತೋ ಅಲ್ಲೇ ಉಳಿಯಿತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಆದರೆ ಇದು ಆಕೆಗೆ ಗೊತ್ತಾಗುವುದಾದರೂ ಹೇಗೆ? ವರ್ಷದ ಕೊನೆಗೆ ನಾನೂರ ಹನ್ನೆರಡು ಶಾಲೆಗಳಿಂದ ವರದಿ ನಮೂನೆ ತುಂಬಿಕೊಂಡು ಬಂತು. ಹತ್ತು ಪ್ರಶ್ನೆ, ಹತ್ತಕ್ಕೂ 'ಹೌದು'. ನೂರಕ್ಕೆ ನೂರು!

ನಿರ್ದೇಶಕರು ಕುರ್ಚಿಯಿಂದ ಎದ್ದು ಕೈ ಕುಲುಕಿದರು. "ನಾಳೆ ಮಂಡಳಿ ಸಭೆ. ಕೆಲಸ ಸಂಪೂರ್ಣ ಅಂತ ಘೋಷಣೆ ಮಾಡಿಬಿಡ್ತೀನಿ. ಈ ಆಫೀಸು ಮುಚ್ಚಬಹುದು. ನಿಮಗೊಂದು ಪದಕ, ವಾಪಸ್ ಊರಿಗೆ ವರ್ಗ. ಸಂತೋಷ ತಾನೇ?"

ಸಂತೋಷವೇ. ಮೂರು ಮಹಡಿ ಹತ್ತಿ ಹತ್ತಿ ಮಂಡಿಗಳು ಬೇರೆ ರಾಜೀನಾಮೆ ಕೇಳುತ್ತಿದ್ದವು.

ಅಂದು ಮಧ್ಯಾಹ್ನ ಡ್ರೈವರಣ್ಣ ಊಟದ ಡಬ್ಬಿಯ ಕೆಳಗೆ ಹಾಸಿಕೊಳ್ಳಲು ಆ ರಾಶಿಯಿಂದ ಒಂದು ನಮೂನೆ ಎಳೆದುಕೊಂಡ. ಊಟ ಮಾಡುತ್ತ ಓದಿದ. ಇನ್ನೊಂದು ಎಳೆದು ಓದಿದ. ಮತ್ತೊಂದು.

"ಮೇಡಂ," ಎಂದ, "ಇಷ್ಟೊಂದು ಸ್ಕೂಲಿಗೆ ಚಕ್ರ ಇದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ."

"ಏನು ಚಕ್ರ?"

"ಏಳನೇ ಸಾಲು ನೋಡಿ."

ನೋಡಿದಳು. ಆ ನಮೂನೆಯನ್ನು ಆಕೆಯೇ ತಯಾರಿಸಿದ್ದಳು. ಡ್ರೈವರಣ್ಣ ವಾರವಾರ ತುಂಬುತ್ತಿದ್ದ ಜೀಪು ತಪಾಸಣೆಯ ಹಾಳೆಯಲ್ಲಿ ಚೌಕಗಳು ಚೆಂದ ಕಂಡವೆಂದು, ಅದರ ಮೇಲೆಯೇ ತನ್ನ ಪ್ರಶ್ನೆಗಳನ್ನು ಟೈಪು ಮಾಡಿದ್ದಳು. ಒಂಬತ್ತು ಸಾಲು ಅಳಿಸಿದ್ದಳು. ಒಂದು ಉಳಿದುಬಿಟ್ಟಿತ್ತು:

"ಹಿಂದಿನ ಚಕ್ರಗಳ ಗಾಳಿ ಪರೀಕ್ಷಿಸಲಾಗಿದೆಯೇ?"

ನಾನೂರ ಹನ್ನೆರಡು ಶಾಲೆಗಳೂ ಪರೀಕ್ಷಿಸಿದ್ದವು. ಒಂದು ಶಾಲೆ "ಪ್ರತಿದಿನ ಎರಡು ಬಾರಿ" ಎಂದು ಬರೆದಿತ್ತು. ಇನ್ನೊಂದು, "ಪೋಷಕರ ಸಭೆಯಲ್ಲಿ ಚರ್ಚಿಸಿ ಸೂಕ್ತ ಕ್ರಮ ಕೈಗೊಳ್ಳಲಾಗಿದೆ." ಮೂರನೆಯದರ ಹೆಡ್‌ಮಾಸ್ಟರು ಪ್ರಾಮಾಣಿಕರು: "ಹೌದು, ಆದರೆ ಮಕ್ಕಳ ಸಹಕಾರ ಇನ್ನೂ ಬೇಕು."

"ನಮ್ಮ ಜೀಪಿಗೇ ಗಾಳಿ ಇಲ್ಲ ಮೇಡಂ," ಎಂದ ಡ್ರೈವರಣ್ಣ ಅಸೂಯೆಯಿಂದ.

ಆಕೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗು ನಿಂತ ಮೇಲೂ ನೀರು ನಿಲ್ಲಲಿಲ್ಲ. ಏಳನೇ ಸಾಲು ಸುಳ್ಳಾದರೆ ಉಳಿದ ಒಂಬತ್ತರ ಗತಿಯೇನು? ಎಲ್ಲೋ ನಾನೂರ ಹನ್ನೆರಡು ತರಗತಿಗಳಲ್ಲಿ ಮಕ್ಕಳು ಇನ್ನೂ ಪುಸ್ತಕವನ್ನು ಗೋಡೆ ನೋಡಿದಂತೆ ನೋಡುತ್ತಿದ್ದಾರೆ. ನಾಳೆ ಇವರು 'ಸಂಪೂರ್ಣ' ಎಂದು ಬೀಗ ಜಡಿಯುತ್ತಾರೆ. ಸುಮ್ಮನಿದ್ದರೆ ಪದಕ. ಬಾಯಿಬಿಟ್ಟರೆ, ರಾಜ್ಯದ ನಮೂನೆಯಲ್ಲಿ ಜೀಪಿನ ಚಕ್ರ ಸೇರಿಸಿದ ಮಹಾತಾಯಿ ಎಂದು ನಿವೃತ್ತಿಯವರೆಗೂ ಹೆಸರು.

ಮರುದಿನ ಮಂಡಳಿಯ ಉದ್ದದ ಮೇಜಿನ ಮುಂದೆ ನಿರ್ದೇಶಕರು "ನೂರಕ್ಕೆ ನೂರು" ಎಂದು ಬಾಯಿ ಮುಚ್ಚುವಷ್ಟರಲ್ಲಿ ಆಕೆ ಎದ್ದು ನಿಂತಳು. ಎದ್ದದ್ದು ಯಾರಿಗೂ ತಿಳಿಯಲಿಲ್ಲ, ಕೂತವರಷ್ಟೇ ಎತ್ತರವಿದ್ದಳು. ಹಾಗಾಗಿ ಕೆಮ್ಮಿದಳು.

"ದಯವಿಟ್ಟು ಏಳನೇ ಸಾಲು ಓದಿ."

ಓದಿದರು. ಆಮೇಲೆ ಮೇಜಿನ ಆ ತುದಿಯಿಂದ ಯಾರೋ ಮೂಗಿನಲ್ಲಿ ನಕ್ಕರು. ನಗು ಬೆಂಕಿಯಂತೆ ಈ ತುದಿಗೆ ಬಂತು. ನಿರ್ದೇಶಕರ ಮುಖ ಮಾತ್ರ ಸುಣ್ಣವಾಯಿತು. "ಅದು ಮುದ್ರಣದೋಷ!"

"ದೋಷ ನಂದೇ ಸಾರ್. ಆದ್ರೆ 'ಹೌದು' ಅಂದಿದ್ದು ಅವರು," ಎಂದಳು. "ಅವರನ್ನೂ ಬಯ್ಯಬೇಡಿ. ನಾವು ಎರಡು ದಿನ ಭಾಷಣ ಬಿಗಿದು ಚೀಲ ಕೊಟ್ವಿ. ಕ್ಲಾಸಿಗೆ ಹೋಗಿ ಒಂದು ದಿನಾನೂ ಪಕ್ಕದಲ್ಲಿ ನಿಲ್ಲಲಿಲ್ಲ. ಕಾಗದ ಕೇಳಿದ್ವಿ, ಕಾಗದ ಕೊಟ್ರು."

ಮಂಡಳಿಯ ಅಧ್ಯಕ್ಷೆ ಮಾತು ಕಡಿಮೆಯ ಹೆಂಗಸು. ನಗದೆ ಉಳಿದವರು ಅವರೊಬ್ಬರೇ. "ಹಾಗಾದ್ರೆ ಏನು ಬೇಕು?"

"ಒಂದು ಜಿಲ್ಲೆ, ಒಂದು ವರ್ಷ, ಆರು ಜನ ಟೀಚರು. ಸಭಾಂಗಣ ಬೇಡ."

"ಕೊಟ್ಟೆ. ವರ್ಷ ಆದ್ಮೇಲೆ ನಾನೇ ಹೇಳದೆ ಕೇಳದೆ ಒಂದು ಸ್ಕೂಲಿಗೆ ಹೋಗ್ತೀನಿ. ನೀವು ಒಳಗೆ ಬರಕೂಡದು. ನೀವಿಲ್ಲದೆ ನಡೀತಿದ್ರೆ ರಾಜ್ಯಕ್ಕೆಲ್ಲಾ ಮಾಡೋಣ. ಇಲ್ಲಾಂದ್ರೆ ಬೀಗ."

ಹೀಗೆ ಹಿಂದಿನ ಬೆಂಚಿನ ದಂಡಯಾತ್ರೆ ಶುರುವಾಯಿತು. ಆಕೆಯೂ ಆ ಆರು ಜನರೂ ದಿನಕ್ಕೊಂದು ಶಾಲೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುವುದು, ಪಾಠ ನೋಡುವುದು, ಒಂದು ಮೆಚ್ಚುಗೆ ಹೇಳುವುದು, ಒಂದೇ ಒಂದು ಬದಲಾವಣೆ ಹೇಳುವುದು, ಆಮೇಲೆ ತಾವೇ ಚಾಕ್‌ಪೀಸು ಹಿಡಿದು ಮಾಡಿ ತೋರಿಸುವುದು. ಓದಿನ ಚೀಟಿ ಎಲ್ಲಿಗೂ ಹೋಗುವಂತಿಲ್ಲ. "ಮೇಲಕ್ಕೆ ಕಳಿಸಿದ ಕಾಗದ ಸುಳ್ಳು ಕಲಿಯುತ್ತೆ. ನಿಮ್ಮ ಮೇಜಲ್ಲೇ ಇರಲಿ, ನಾಳೆ ಯಾರಿಗೆ ಏನು ಕಲಿಸಬೇಕು ಅಂತ ಅದೇ ಹೇಳುತ್ತೆ," ಎನ್ನುತ್ತಿದ್ದಳು.

ಎಲ್ಲ ಕೋಟೆಗಳೂ ಬಿದ್ದವು, ಒಂದನ್ನು ಬಿಟ್ಟು. ಆ ಕೋಟೆಯ ಹೆಸರು ಗುಡುಗು ಮೇಷ್ಟ್ರು. ಮೂವತ್ತೊಂದು ವರ್ಷದ ಸೇವೆ. ಅವರು ಪಾಠ ಮಾಡಿದರೆ ರಸ್ತೆಯಾಚೆ ಬೀಡಾ ಅಂಗಡಿಯವನಿಗೂ ಮಗ್ಗಿ ಬಾಯಿಗೆ ಬರುತ್ತಿತ್ತು.

"ಬನ್ನಿ ಬನ್ನಿ, ಗೂಢಚಾರರು! ಬೆಂಚು ಸಾಕಾ, ದಿಂಬು ತರಿಸಲಾ?" ಎಂದರು.

ನಲವತ್ತು ನಿಮಿಷ ಅವರೊಬ್ಬರೇ ಓದಿದರು. ಮಕ್ಕಳು ಸಿಡಿಲಿಗೆ ಸಿಕ್ಕ ಗುಬ್ಬಿಗಳಂತೆ ಕೂತಿದ್ದರು.

"ನಿಮ್ಮ ಓದು ಅದ್ಭುತ ಮೇಷ್ಟ್ರೇ," ಎಂದಳು ಆಕೆ. "ಮಕ್ಕಳ ಸರದಿ ಯಾವಾಗ?"

"ಅವಕ್ಕೆ ಬರಲ್ವಲ್ಲಮ್ಮ, ಅದಕ್ಕೇ ನಾನು ಓದೋದು!"

"ಅವರಿಗೆ ಈಜು ಬರಲ್ಲ ಅಂತ ದಿನಾ ನೀವೇ ನೀರಿಗೆ ಹಾರಿದ್ರೆ, ಒದ್ದೆ ಆಗೋದು ನೀವೊಬ್ಬರೇ."

"ಹಾಗಾದ್ರೆ ನೀವೇ ಇಳೀರಿ, ನೋಡ್ತೀನಿ!"

ಇಳಿದಳು. ಮುಳುಗಿದಳು. ಅಂದು ಗಂಟಲು ಕಟ್ಟಿತ್ತು, ಚಾಕ್‌ಪೀಸು ಮುರಿಯಿತು, ಕರಿಹಲಗೆಯ ಅರ್ಧಕ್ಕೆ ಕೈಯೇ ಎಟುಕಲಿಲ್ಲ, 'ನಾವು' ಎಂದಾಗ ಮಕ್ಕಳು ನಕ್ಕರೇ ಹೊರತು ಓದಲಿಲ್ಲ. ಗುಡುಗು ಮೇಷ್ಟ್ರಿಗೆ ಆದ ಆನಂದ ಅಷ್ಟಿಷ್ಟಲ್ಲ. "ಅಯ್ಯೋ, ಹಾಗಲ್ಲ ತಾಯಿ! ಕೊಡಿ ಇಲ್ಲಿ!" ಎಂದು ಚಾಕ್‌ಪೀಸು ಕಿತ್ತುಕೊಂಡು, ಆಕೆಗೆ ಬುದ್ಧಿ ಕಲಿಸುವ ಭರದಲ್ಲಿ, ತಾವು ಓದಿ, ಎಲ್ಲರೊಂದಿಗೆ ಓದಿಸಿ, ಒಂದೊಂದೇ ಮಗುವನ್ನು ಎಬ್ಬಿಸಿ ಓದಿಸಿದರು. ಗಂಟೆ ಹೊಡೆದಾಗಲೇ ಅವರಿಗೆ ತಾವೇನು ಮಾಡಿದೆವೆಂದು ಹೊಳೆದದ್ದು. ಆಕೆಯನ್ನು ದುರುಗುಟ್ಟಿ ನೋಡಿದರು. ಆಕೆ ಅಮಾಯಕಳಂತೆ ಚೀಟಿಗಳ ಕಟ್ಟನ್ನು ಅವರ ಮೇಜಿನ ಮೇಲಿಟ್ಟು, "ಮುಂದಿನ ವಾರ ಬರ್ತೀನಿ, ಇನ್ನೂ ಸ್ವಲ್ಪ ಕಲಿಸಿಕೊಡಿ," ಎಂದಳು.

ವರ್ಷ ಕಳೆಯಿತು. ಅಧ್ಯಕ್ಷೆ ಬಂದರು. ನಕ್ಷೆಯ ಮೇಲೆ ಕಣ್ಣುಮುಚ್ಚಿ ಬೆರಳಿಟ್ಟರು. ವಿಧಿಯ ಕಿಡಿಗೇಡಿತನ ನೋಡಿ: ಬೆರಳು ಬಿದ್ದದ್ದು ಗುಡುಗು ಮೇಷ್ಟ್ರ ಶಾಲೆಯ ಮೇಲೆ!

ಆಕೆ ಗೇಟಿನಾಚೆ ಜೀಪಿನ ಪಕ್ಕ ನಿಂತಳು. ಒಳಗೆ ಏನಾಗುತ್ತಿದೆಯೋ ಕಾಣುವಂತಿಲ್ಲ. ಆದರೆ ಮೇಷ್ಟ್ರ ಗಂಟಲಿಗೆ ಗೋಡೆಗಳೆಂದರೆ ಲೆಕ್ಕವೇ? ಅರ್ಧ ಸಂಭಾಷಣೆ ಬೀದಿಗೇ ಬರುತ್ತಿತ್ತು.

"ಓದು ಪುಟ್ಟಿ, ಹೆದರಬೇಡ. ಶುರು!"

ಆಮೇಲೆ ಒಂದು ನಿಮಿಷ ಏನೂ ಕೇಳಲಿಲ್ಲ. ಗುಡುಗು ಮೇಷ್ಟ್ರು ಒಂದು ನಿಮಿಷ ಬಾಯಿ ಮುಚ್ಚಿದ್ದರು. ಡ್ರೈವರಣ್ಣ ಗಡಿಯಾರ ನೋಡಿದ, ಆಕೆಯ ಮುಖ ನೋಡಿದ. "ಮೇಷ್ಟ್ರಿಗೆ ಏನೂ ಆಗಿಲ್ಲ ತಾನೇ?"

"ಮೂವತ್ತೊಂದು!" ಎಂದು ಗುಡುಗಿತು ಒಳಗಿನಿಂದ.

ಇರಬೇಕಾದದ್ದು ನಿಮಿಷಕ್ಕೆ ಐವತ್ತು ಪದ. ಅಧ್ಯಕ್ಷೆ ಮೆಲ್ಲಗೆ ಏನೋ ಕೇಳಿದ್ದಿರಬೇಕು, ಏಕೆಂದರೆ ಮರುಗಳಿಗೆಯೇ ಕಿಟಕಿ ನಡುಗಿತು:

"ಐವತ್ತು ಅಂತ ಬರೀಬಹುದು ಮೇಡಂ, ಕೈ ಏನು ಸವೆಯಲ್ಲ! ಆದ್ರೆ ನಾಳೆ ಇವಳಿಗೆ ಏನು ಕಲಿಸಲಿ? ನೋಡಿ, ಒತ್ತಕ್ಷರ ಬಂದ ಕಡೆಯೆಲ್ಲಾ ನಿಂತಳು. ನಾಳೆ ಹತ್ತು ನಿಮಿಷ ಅದೇ. ಹೋದ ತಿಂಗಳು ಹನ್ನೆರಡು ಇತ್ತು, ಇಗೋ ಚೀಟಿ. ಮುಂದಿನ ತಿಂಗಳು ಬನ್ನಿ, ಐವತ್ತು ತೋರಿಸ್ತೀನಿ. ಆವತ್ತು ಅದು ನಿಜವಾದ ಐವತ್ತು!"

ಗೇಟಿನಾಚೆ ನಾಲ್ಕಡಿ ಹತ್ತಂಗುಲದ ಆಕೃತಿಯೊಂದು ಜೀಪಿನ ಬಾನೆಟ್ಟಿನ ಮೇಲೆ ಎರಡೂ ಕೈಯಿಂದ ಡೋಲು ಬಾರಿಸತೊಡಗಿತು. ರಾಜ್ಯದ ಲಕ್ಷ ನಮೂನೆಗಳಲ್ಲಿ ಮೊದಲ ಬಾರಿಗೆ ಒಬ್ಬ ಮೇಷ್ಟ್ರು, ಅದೂ ಅಧ್ಯಕ್ಷೆಯ ಮುಂದೆ, ನಿಜವಾದ ಅಂಕಿ ಹೇಳಿದ್ದರು. ಆಕೆ ಅಲ್ಲಿರಲಿಲ್ಲ. ಇರಬೇಕಾಗಿಯೂ ಇರಲಿಲ್ಲ.

ಅಧ್ಯಕ್ಷೆ ಹೊರಬಂದರು. ಹಿಂದೆಯೇ ಮೇಷ್ಟ್ರು, ಕೈಯೆಲ್ಲ ಚಾಕ್‌ಪೀಸಿನ ಪುಡಿ.

"ರಾಜ್ಯಕ್ಕೆಲ್ಲಾ ಎಷ್ಟು ಜನ ಬೇಕು?"

ನೂರು ಕೇಳಿದರೆ ಐವತ್ತು ಸಿಗುತ್ತದೆಂದು ಊರೆಲ್ಲ ಬುದ್ಧಿ ಹೇಳಿತ್ತು. ಆದರೆ ಅಂಕಿಯ ವಿಷಯದಲ್ಲಿ ಅಂದು ಸುಳ್ಳಾಡಲು ಆಕೆಗೆ ನಾಲಿಗೆ ಏಳಲಿಲ್ಲ.

"ಅರವತ್ತು ಮೇಡಂ. ಜಿಲ್ಲೆಗೆ ಮೂವರು. ಅವರು ತಮ್ಮ ಜಿಲ್ಲೆಯಲ್ಲಿ ಇನ್ನಷ್ಟು ಜನರನ್ನ ತಯಾರು ಮಾಡ್ತಾರೆ. ಆಮೇಲೆ ನಾನು ಬೇಕಾಗಲ್ಲ."

"ಅರವತ್ತು," ಎಂದು ಅಧ್ಯಕ್ಷೆ ಬರೆದುಕೊಂಡರು.

"ಐವತ್ತೊಂಬತ್ತು ಹುಡುಕಿ ಸಾಕು," ಎಂದು ಗುಡುಗಿದರು ಮೇಷ್ಟ್ರು, ಆಗಲೇ ಜೀಪಿನ ಹಿಂದಿನ ಸೀಟು ಹತ್ತುತ್ತ. "ಸರೀರಿ ಆ ಕಡೆ. ಪಕ್ಕದೂರಿನ ಸ್ಕೂಲಲ್ಲಿ ಒಬ್ಬ ಇದ್ದಾನೆ, ಪೂರ್ತಿ ಪಾಠ ತಾನೇ ಓದ್ತಾನಂತೆ, ಮಹಾನುಭಾವ!"