ಮುತ್ತಜ್ಜ ಬೆಂಚಿಗೆ ಬಂದ ಭಾನುವಾರ

ನಮ್ಮ ಮುತ್ತಜ್ಜ ಕಡ್ವಾಲಾಡರ್ ಹಾಡಿಗಾಗಿಯೇ ಹುಟ್ಟಿದವನು, ಹಾಡುತ್ತಲೇ ಜೀವ ಸವೆಸಿದವನು ಎಂದು ಊರಿನವರು ಈಗಲೂ ಹೆಮ್ಮೆಯಿಂದ ಹೇಳುತ್ತಾರೆ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಜೀವ ಸವೆಸಿದ್ದು ಹಾಡಲ್ಲ, ಊರಿನವರು. ಇಲ್ಲಿ ಬರೆಯುತ್ತಿರುವುದು ಅವನ ಕೊನೆಯ ಮಗಳು, ಅಂದರೆ ನನ್ನ ಅಜ್ಜಿ, ನನಗೆ ಹೇಳಿದ ಸಂಗತಿ. ಅವಳು ಆ ದಿನ ಅದೇ ಬೆಂಚಿನಲ್ಲಿದ್ದಳು.

ನಮ್ಮ ಹೊಲಮನೆ ಬ್ರಿನ್‌ಗ್ವಿನ್ ಗುಡ್ಡದ ನೆತ್ತಿಯಲ್ಲಿದೆ. ನೂರಿಪ್ಪತ್ತು ಕುರಿ, ಆರು ಹಸು, ಮಣ್ಣಿಗಿಂತ ಕಲ್ಲೇ ಹೆಚ್ಚಿರುವ ನೆಲ. ಮುತ್ತಜ್ಜನಿಗೆ ಸಂಗೀತದ ಹುಚ್ಚು ಹಿಡಿದದ್ದು ಹದಿನಾರನೆಯ ವಯಸ್ಸಿನಲ್ಲಿ. ದೊ ರೆ ಮಿ ಸ್ವರಾಕ್ಷರಗಳನ್ನು ಕೊಟ್ಟಿಗೆಯ ಬಾಗಿಲಿನ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಂಡು, ಹಾಲು ಕರೆಯುತ್ತಾ ಕಲಿತನಂತೆ. ತಾನು ತಪ್ಪು ಸ್ವರ ಹಿಡಿದಾಗ ಮಾತ್ರ ಹಸು ಒದೆಯುತ್ತಿತ್ತು ಎನ್ನುತ್ತಿದ್ದ. ಅದನ್ನು ನಾವು ನಂಬಬೇಕಾಗಿಲ್ಲ. ಅಳುವ ರಾಗಗಳೆಂದರೆ ಅವನಿಗೆ ಪ್ರಾಣ. ಮಳೆಯಲ್ಲಿ ಬೇಲಿಕಲ್ಲು ಜೋಡಿಸುವಾಗಲೂ ಅಂಥದ್ದೇ ಒಂದನ್ನು ಗುನುಗುತ್ತಿದ್ದ.

ಇಪ್ಪತ್ತಾರಕ್ಕೆ ಊರಿನ ಪ್ರಾರ್ಥನಾಮಂದಿರವಾದ ಚಾಪೆಲಿನಲ್ಲಿ ಹಾಡು ಎತ್ತುವ ಕೆಲಸ ಅವನ ಹೆಗಲಿಗೆ ಬಿತ್ತು. ಅಲ್ಲಿ ವಾದ್ಯವಿರಲಿಲ್ಲ. ಪಾದ್ರಿ ಹಾಡಿನ ಸಂಖ್ಯೆ ಹೇಳಿದ ಮೇಲೆ ಅವನು ಕಬ್ಬಿಣದ ಪುಟ್ಟ ಕವೆಯೊಂದನ್ನು ಮೊಣಕಾಲಿಗೆ ಬಡಿದು, ಕಿವಿಗೆ ಹಿಡಿದು, ಶ್ರುತಿ ಕೇಳಿಕೊಂಡು ಮೊದಲ ಸ್ವರ ಎತ್ತಬೇಕು. ಇನ್ನೂರು ಜನ, ಹೆಂಗಸರದು ಎರಡು ದನಿ, ಗಂಡಸರದು ಎರಡು, ಹೀಗೆ ನಾಲ್ಕು ಎಳೆಯಾಗಿ ಹಾಡುತ್ತಾ ಅವನ ಹಿಂದೆ ಬರುತ್ತಿದ್ದರು. ಅವನ ಜಾಗ ಬೋಧನಾಪೀಠದ ಕೆಳಗೆ, ಹಿರಿಯರು ಕೂರುವ ದೊಡ್ಡ ಆಸನದಲ್ಲಿ. ಮದುವೆಯಾದ ಮರುವಾರವೂ ಹೋಗಿ ಅಲ್ಲೇ ಕೂತ. ಹೆಂಡತಿ ಲೌರಿ ಚಾಪೆಲಿನಲ್ಲಿ ನಮ್ಮ ಮನೆಯವರಿಗೆಂದೇ ಇದ್ದ ಬೆಂಚಿನಲ್ಲಿ ಒಬ್ಬಳೇ ಕೂತಳು. ಆಮೇಲೆ ಮಕ್ಕಳ ಜೊತೆ ಕೂತಳು, ಅಷ್ಟೇ.

ಭಾನುವಾರವೆಂದರೆ ನಾಲ್ಕಕ್ಕೆ ಎದ್ದು ಹಾಲು ಕರೆದು, ಮೂರು ಮೈಲಿ ಗುಡ್ಡ ಇಳಿದು ಹತ್ತರ ಪ್ರಾರ್ಥನೆ. ಎರಡಕ್ಕೆ ಸಂಡೇ ಸ್ಕೂಲು. ಗುಡ್ಡ ಹತ್ತಿ ಮತ್ತೆ ಹಾಲು ಕರೆದು, ಮತ್ತೆ ಇಳಿದು ಆರರ ಪ್ರಾರ್ಥನೆ. ಬುಧವಾರ ಮಕ್ಕಳ ಅಭ್ಯಾಸ, ಶುಕ್ರವಾರ ದೊಡ್ಡವರದು. ಒಂದು ಹುಲ್ಲುಕೊಯ್ಲಿನ ವಾರ, ಕೈ ಬೀಸಿ ತಾಳ ಹಾಕುತ್ತಿದ್ದವನು ನಿಂತಲ್ಲೇ ನಿದ್ದೆ ಹೋದನಂತೆ, ಕೈ ಮಾತ್ರ ನಿಲ್ಲಲಿಲ್ಲವಂತೆ. ಊರಿನವರಿಗೆ ಅದು ನಗುವ ಕತೆ. ನನ್ನ ಅಜ್ಜಿ ಅದನ್ನು ಹೇಳುವಾಗ ಒಂದು ಸಲವೂ ನಗಲಿಲ್ಲ.

ಐವತ್ತೆಂಟು ದಾಟಿದಾಗ ಅವನಿಗೆ ಸಾಕುಸಾಕಾಗಿತ್ತು. ಮಗಳ ಹತ್ತಿರ ಒಂದು ದಿನ ಹೇಳಿದ: "ನಿಮ್ಮಮ್ಮನ ಪಕ್ಕ ನಿಂತು ಒಂದು ಹಾಡೂ ಹಾಡಿಲ್ಲ ಕಣೆ ನಾನು. ಆ ಇನ್ನೂರು ದನೀಲಿ ಅವ್ಳದು ಯಾವ್ದು ಅಂತ ನಂಗೆ ಗೊತ್ತೇ ಇಲ್ಲ." ಮನೆಯಲ್ಲಿ ಲೌರಿ ಹಾಡುತ್ತಿರಲಿಲ್ಲ. ಹಾಡೋರು ಮನೆಗೊಬ್ರು ಸಾಕು, ಬೆಣ್ಣೆ ಕಡಿಯೋಕೂ ಯಾರಾದ್ರೂ ಬೇಕಲ್ಲ ಎನ್ನುತ್ತಿದ್ದಳು.

ಚಾಪೆಲಿನ ವರ್ಷದ ಸಭೆ ನಡೆಯುವುದು ಜನವರಿಯಲ್ಲಿ. ಮುತ್ತಜ್ಜ ಎದ್ದು ನಿಂತ.

"ನಂಗೆ ಕೈಲಾಗ್ತಿಲ್ಲ. ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

ಹಿರಿಯರಲ್ಲೇ ಹಿರಿಯ ಎಡ್ನಿವೆಡ್ ಗಡ್ಡ ನೀವಿಕೊಂಡ. "ಬೇರೆಯವ್ರನ್ನ ಎಲ್ಲಿಂದ ತರೋದಯ್ಯ? ನೀನು ಸತ್ರೂ ನಿನ್ನ ಮಣ್ಣಿನ ದಿನ ಎದ್ದು ಬಂದು ಹಾಡು ಎತ್ಕೊಟ್ಟೇ ಮಲಗ್ಬೇಕು, ತಿಳ್ಕೊ!"

ಎಲ್ಲರೂ ನಕ್ಕರು, ಎಲ್ಲರೂ ಕೈ ಎತ್ತಿದರು. ಅವನನ್ನೇ ಮತ್ತೆ ಆರಿಸಿದರು. ಹೀಗೆ ಐದು ವರ್ಷ. ಪ್ರತಿ ವರ್ಷ ಅವನು ಕೇಳುವ ದನಿ ಇನ್ನಷ್ಟು ಇಳಿಯಿತು.

ಆರನೆಯ ವರ್ಷ ಅವನು ಏಳುವ ಮೊದಲೇ ಲೌರಿ ಎದ್ದಳು. ಆ ಸಭೆಯಲ್ಲಿ ಹೆಂಗಸರು ಕೈ ಎತ್ತುತ್ತಿದ್ದರೇ ಹೊರತು ಬಾಯಿ ಬಿಡುತ್ತಿರಲಿಲ್ಲ.

"ಎಡ್ನಿವೆಡ್ ಅವ್ರೇ, ಮೂವತ್ತೇಳು ವರ್ಷ ನನ್ನ ಗಂಡನ್ನ ನಿಮ್ಮ ಪಕ್ಕದಲ್ಲೇ ಕೂರಿಸ್ಕೊಂಡ್ರಿ. ಅಷ್ಟು ಪ್ರೀತಿ ಇದ್ರೆ ನಿಮ್ಮನೆಗೇ ಕರ್ಕೊಂಡ್ಹೋಗಿ, ಅವ್ರ ಹರಕಲು ಕಾಲ್ಚೀಲಾನೂ ನೀವೇ ಹೊಲ್ಕೊಡಿ. ಇಲ್ಲಾಂದ್ರೆ ನಂಗೆ ವಾಪಸ್ ಕೊಡಿ."

ಈ ಸಲ ನಕ್ಕಿದ್ದು ಹೆಂಗಸರು ಮಾತ್ರ. ಎಡ್ನಿವೆಡ್ ಮುಖ ಕೆಂಪಾಯಿತು. ಹಾಡು ಎತ್ತುವ ಕೆಲಸ ಕಮ್ಮಾರ ಗ್ವಿಲಿಮನ ಪಾಲಾಯಿತು. ಅವನ ಎದೆ ದೊಡ್ಡದು, ಕಿವಿ ಅಷ್ಟಕ್ಕಷ್ಟೆ.

ಮರುವಾರ ಮುತ್ತಜ್ಜ ನಮ್ಮ ಬೆಂಚಿಗೆ ಬಂದ. ಗೋಡೆಯ ಕಡೆ ಲೌರಿ, ನಡುವೆ ಅವನು, ಈಚೆ ನನ್ನ ಅಜ್ಜಿ. ಕೈ ಎಲ್ಲಿಡಬೇಕೆಂದೇ ಅವನಿಗೆ ತಿಳಿಯಲಿಲ್ಲವಂತೆ. ಮೊದಲ ಹಾಡಿಗೆ ಎಲ್ಲರೂ ಎದ್ದು ನಿಂತರು. ಗ್ವಿಲಿಮ್ ಕವೆ ಬಡಿದ, ಬೆವರಿದ, ಎತ್ತಿದ. ಎತ್ತಿದ್ದು ತೀರಾ ಮೇಲಕ್ಕೆ. ನಮ್ಮ ಜನ ಎತ್ತಿಕೊಟ್ಟವನ ಹಿಂದೆ ಎಲ್ಲಿಗಾದರೂ ಹೋಗುವವರು, ಹೋದರು. ಮೂರನೆಯ ಸಾಲಿನಲ್ಲಿ ರಾಗ ಇನ್ನೂ ಏರುತ್ತದೆ. ಅಲ್ಲಿ ಮೊದಲು ಹೆಂಗಸರ ದನಿ ಒಡೆಯಿತು, ಆಮೇಲೆ ಗಂಡಸರದು. ಕೊನೆಗೆ ಗ್ವಿಲಿಮನೂ ಬಾಯಿ ಮುಚ್ಚಿದ. ನಮ್ಮ ಚಾಪೆಲಿನಲ್ಲಿ ಹಾಡೊಂದು ನಡುವೆ ನಿಂತದ್ದು ಅದೇ ಮೊದಲು.

ಇನ್ನೂರು ತಲೆಗಳು ನಮ್ಮ ಬೆಂಚಿನ ಕಡೆ ತಿರುಗಿದವು. "ಎತ್ತಯ್ಯ ಕಡ್ವಾಲಾಡರ್, ಎತ್ತು!" ಎಂದು ಎಡ್ನಿವೆಡ್ ದೊಡ್ಡ ಆಸನದಿಂದ ಪಿಸುಗುಟ್ಟಿದ. ನಾಲ್ಕು ಸ್ವರ ಕೆಳಗಿಳಿಸಿ ಎತ್ತಿದ್ದರೆ ಸಾಕಿತ್ತು, ಎಲ್ಲ ಸರಿಹೋಗುತ್ತಿತ್ತು. ಮುತ್ತಜ್ಜ ತುಟಿ ಬಿಚ್ಚಲಿಲ್ಲ.

ಯಾಕೆಂದರೆ ಒಂದು ದನಿ ಇನ್ನೂ ಹಾಡುತ್ತಿತ್ತು. ಲೌರಿಗೆ ಆ ಹೊತ್ತಿಗೆ ಎರಡು ಕಿವಿಯೂ ಮುಕ್ಕಾಲು ಮಂದವಾಗಿದ್ದವು. ಮನೆಯವರಿಗೆ ಮಾತ್ರ ಗೊತ್ತಿದ್ದ ವಿಷಯ. ಉಳಿದವರು ನಿಂತದ್ದು ಅವಳಿಗೆ ತಿಳಿಯಲೇ ಇಲ್ಲ. ಪುಸ್ತಕಕ್ಕೆ ಮೂಗು ತಾಗಿಸಿಕೊಂಡು ಹೆಂಗಸರ ಕೆಳಗಿನ ಎಳೆಯನ್ನು ಒಬ್ಬಳೇ ಹಾಡಿಕೊಂಡು ಹೋಗುತ್ತಿದ್ದಳು. ಆ ಎಳೆ ಮೇಲೆ ಏರುವುದಿಲ್ಲ, ಎರಡು ಮೂರು ಸ್ವರಗಳ ನಡುವೆಯೇ ಓಡಾಡುತ್ತದೆ. ಅದೊಂದನ್ನೇ ಕೇಳಿದರೆ ಯಾರೂ ಅದನ್ನು ಹಾಡು ಎನ್ನಲಾರರು.

ಅಜ್ಜಿಗೆ ನಾಚಿಕೆಯಾಗಿ, ಅಮ್ಮನ ತೋಳು ಜಗ್ಗಲು ಅಪ್ಪನ ಮುಂದಿನಿಂದ ಕೈ ಚಾಚಿದಳು. ಮುತ್ತಜ್ಜ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಸುಮ್ನಿರು. ಕೇಳ್ತಿದೀನಿ."

ದನಿ ಇಂಪಾಗಿರಲಿಲ್ಲ. ಗುಡ್ಡದಲ್ಲಿ ಕುರಿ, ನಾಯಿ, ಮಕ್ಕಳನ್ನು ಕೂಗಿ ಕೂಗಿ ಒರಟಾದ ದನಿ. ಆದರೆ ಸ್ವರ ಕೂದಲೆಳೆಯಷ್ಟೂ ಆಚೀಚೆ ಆಗಲಿಲ್ಲ. ಮುತ್ತಜ್ಜ ಕಣ್ಣು ಮುಚ್ಚಿ ಕೇಳಿದ, ಅವನ ಗಡ್ಡ ಒದ್ದೆಯಾಗಿತ್ತು.

ಚರಣ ಮುಗಿಯಿತು. ಲೌರಿ ತಲೆ ಎತ್ತಿ ನೋಡಿ ಗಾಬರಿಯಾದಳು. ಕಿವಿ ಮಂದವಾದವರು ಮಾತಾಡುವ ಹಾಗೆ ಜೋರಾಗಿಯೇ ಕೇಳಿದಳು: "ಏನ್ರೀ, ಎಲ್ರೂ ಯಾಕೆ ನನ್ನೇ ನೋಡ್ತಿದಾರೆ?"

ಮುತ್ತಜ್ಜ ಅವಳ ಕಿವಿಯ ಹತ್ತಿರ ಬಾಗಿದ. "ಅವ್ರಿಗೆಲ್ಲ ಸುಸ್ತಾಗಿದೆಯಂತೆ ಕಣೆ. ಇನ್ನೊಂದು ಚರಣ ಇದೆ, ನೀನೇ ಎತ್ತು."

ಅವಳು ಎತ್ತಿದಳು. ಅವನು ಹಿಂದೆ ಬಂದ.